ಅಧೋದೃಷ್ಟಿಯ ವರ

ಹುಡುಗ ತಲೆ ಎತ್ತಲೇ ಇಲ್ಲ. ಪಾನಕದ ಲೋಟ ಕೈಗೆ ಬಂದಾಗಲೂ ಎತ್ತಲಿಲ್ಲ, ಹುಡುಗಿಯ ತಂದೆ ಪರಮೇಶ್ವರಪ್ಪ ಮಳೆಬೆಳೆಯ ಮಾತು ತೆಗೆದಾಗಲೂ ಎತ್ತಲಿಲ್ಲ. ಕಂಬಳಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ತನ್ನ ಮೊಣಕಾಲಿನಿಂದ ಒಂದು ಗೇಣು ಆಚೆಗೆ, ಸಾರಿಸಿದ ನೆಲದ ಮೇಲೆ ನೋಟ ನೆಟ್ಟು, ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದ. ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತಿದ್ದ ಮಹಾದೇವಮ್ಮ ಅವನ ನೆತ್ತಿ ನೋಡಿದಳು, ಮೂಗು ನೋಡಿದಳು, ಕಿವಿ ನೋಡಿದಳು. ಕಣ್ಣು ಮಾತ್ರ ನೋಡಲು ಸಿಗಲಿಲ್ಲ.

ಹಿಂದೆ ಮಗಳು ಏಕಾಂತಮ್ಮ ತಾಂಬೂಲದ ತಟ್ಟೆ ಹಿಡಿದು ನಿಂತಿದ್ದಳು.

"ಲೇ ಏಕಾಂತಿ, ನೆಟ್ಟಗೆ ಕೇಳ್ಕ. ತಟ್ಟೆ ಇಟ್ಟು, ಎಡಗಡೆ ಗೋಡೆಗೆ ಕೊಟ್ಟು ಕುಂತ್ಕ. ಯಾರು ಏನ್ ಕೇಳಿದ್ರೂ ತಲೆ ಎತ್ತಬ್ಯಾಡ."

"ಗೊತ್ತೈತೆ ಬಿಡವ್ವ. ಇದೇನು ಹೊಸದಾ ನಂಗೆ?"

ಹೊಸದಲ್ಲ. ಎಳವೆಯಲ್ಲಿ ಸಿಡುಬು ಬಂದು ಹೋದಾಗ ಏಕಾಂತಮ್ಮನ ಎಡಗಣ್ಣಿನಲ್ಲಿ ಒಂದು ಹೂವು ಬಿಟ್ಟು ಹೋಗಿತ್ತು. ಪಾಪೆಯ ಮೇಲೆ ಅಕ್ಕಿಕಾಳಿನಷ್ಟು ಬಿಳುಪು. ಆ ಕಣ್ಣಿಗೆ ಹಗಲು ರಾತ್ರಿಯ ವ್ಯತ್ಯಾಸ ತಿಳಿಯುತ್ತಿತ್ತು, ಅಷ್ಟೇ. ಹಿಂದೊಮ್ಮೆ ಹೆಣ್ಣು ನೋಡಲು ಹಿರೇಗುಂಟನೂರಿನವರು ಬಂದು, ಹೆಂಗಸರು ಗಲ್ಲ ಹಿಡಿದು ಮುಖ ಎತ್ತಿಸಿ ನೋಡಿ, ಊಟ ಮುಗಿಸಿ ಹೋದವರು ಮತ್ತೆ ಹೊಳಲ್ಕೆರೆಯ ದಾರಿ ಹಿಡಿಯಲಿಲ್ಲ. ಅದರ ಹಿಂದಿನವರೂ ಹಾಗೆಯೇ. ಅಂದಿನಿಂದ ಮಹಾದೇವಮ್ಮ ಮಗಳಿಗೆ ನೆಲ ನೋಡುವುದನ್ನು ಕಲಿಸಿದ್ದಳು. ಹೆಣ್ಣು ತಲೆ ತಗ್ಗಿಸಿ ಕುಳಿತರೆ ಯಾರು ಅನುಮಾನಪಡುತ್ತಾರೆ? ಹೊಗಳುತ್ತಾರೆ.

ಹಾಗೆಯೇ ಆಯಿತು. ಹುಡುಗನ ತಾಯಿ ವೀರಮ್ಮ ಮೂಗಿನ ಮೇಲೆ ಬೆರಳಿಟ್ಟುಕೊಂಡಳು. "ಏನ್ ನಯ, ಏನ್ ನಾಚಿಕೆ! ಈಗಿನ ಕಾಲದಾಗೆ ಇಂಥ ಹುಡುಗಿ ಹುಡುಕಿದ್ರೂ ಸಿಗಲ್ಲ ಬಿಡ್ರಿ." ಗಲ್ಲ ಹಿಡಿಯಲು ಬರಲಿಲ್ಲ. ಅದೂ ಮಹಾದೇವಮ್ಮನಿಗೆ ಸರಿಬರಲಿಲ್ಲ. ಗಂಡಿನ ತಾಯಿಯಾದವಳು ಹೆಣ್ಣಿನ ಮುಖವನ್ನು ಎತ್ತಿಸಿ ನೋಡದೆ ಒಪ್ಪುತ್ತಾಳೆಂದರೆ ಅವಳಿಗೆ ಏನೋ ಅವಸರವಿದೆ.

ಹುಡುಗಿ ಕುಳಿತಳು, ಹುಡುಗ ಕುಳಿತಿದ್ದ. ಇಬ್ಬರೂ ತಮ್ಮ ನಡುವಿನ ನೆಲವನ್ನು ನೋಡಿದರು. ನೆಲಕ್ಕೆ ಅಷ್ಟು ಮರ್ಯಾದೆ ಆ ಮನೆಯಲ್ಲಿ ಎಂದೂ ಸಿಕ್ಕಿರಲಿಲ್ಲ.

ಹುಡುಗನ ಕಡೆಯ ಮತ್ತೋಡಿನವರ ಗಾಡಿ ಹೊರಟ ಮೇಲೆ ಮಧ್ಯಸ್ಥಿಕೆಯ ಮೂರ್ತಪ್ಪ ಉಳಿದುಕೊಂಡ. ಎರಡು ಕಡೆಗೂ ದೂರದಿಂದ ನೆಂಟ. ಅಡಿಕೆ ಜಗಿಯುತ್ತ, ಮಾತಾಡುವಾಗ ಸೂರಿನ ತೊಲೆ ನೋಡುವ ಮನುಷ್ಯ.

"ಹೆಂಗೆ ಹುಡುಗ? ಬಂಗಾರ! ಮತ್ತೋಡಿನ ಬಳೆಗಾರರ ಕೇರಿಯಾಗೆ ಬಳೆ ಮಾಡೋ ಸ್ವಂತ ಒಲೆ ಇಟ್ಕಂಡಿರೋ ಮನೆ ಅದೊಂದೇ."

"ಅದ್ಸರಿ ಮೂರ್ತಪ್ಪ, ಆ ಹುಡುಗ ಕಣ್ಣು ಯಾಕೆ ಎತ್ತಲ್ಲ?" ಎಂದಳು ಮಹಾದೇವಮ್ಮ.

ಮೂರ್ತಪ್ಪ ತೊಲೆ ನೋಡಿದ. ಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಹೋಯಿತು. "ಅದಾ? ಅಕ್ಕಾ, ಅದಕ್ಕೆ ಅಧೋದೃಷ್ಟಿ ಅಂತಾರೆ."

"ಏನಂತಾರೆ?"

"ಅಧೋದೃಷ್ಟಿ. ಯೋಗ ಅದು, ಸಂಸ್ಕೃತ. ಗುರುಗಳ ಹತ್ರ ಕಲ್ತದ್ದು. ಸಾವಿರಕ್ಕೊಬ್ಬನಿಗೆ ಸಿದ್ಧಿಸ್ತದೆ. ಪರಸ್ತ್ರೀ ಮ್ಯಾಲೆ ಕಣ್ಣು ಹೋಗಲ್ಲ, ಪರದ್ರವ್ಯದ ಮ್ಯಾಲೆ ಹೋಗಲ್ಲ. ನಿನ್ನ ಅಳಿಯ ಅರ್ಧ ಶರಣ ಕಣಕ್ಕಾ!"

ಪರಮೇಶ್ವರಪ್ಪನಿಗೆ ರೋಮಾಂಚನವಾಯಿತು. ಸಂತೆಯಲ್ಲಿ ಧಾನ್ಯದ ವ್ಯಾಪಾರ ಮಾಡುವ ಅವನಿಗೆ ಸಂಸ್ಕೃತದ ಒಂದು ಪದ ಕಿವಿಗೆ ಬಿದ್ದರೆ ಸಾಕು, ಕೈ ತಾನಾಗಿ ಮುಗಿಯುತ್ತಿತ್ತು. "ನೋಡಿದ್ಯೇನೇ? ನಾನಂದ್ಕಂಡೆ, ಮಖದಾಗೆ ಏನೋ ತೇಜಸ್ಸೈತೆ ಅಂತ."

"ಮಖ ಕಂಡ್ರಲ್ವಾ ತೇಜಸ್ಸು ಕಾಣಾದು," ಎಂದು ಮಹಾದೇವಮ್ಮ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ತಾ ಕಳ್ಳ, ಪರರ ನಂಬ ಎನ್ನುತ್ತಾರೆ. ತಲೆ ತಗ್ಗಿಸಿ ಕೂರಿಸುವ ವಿದ್ಯೆಯನ್ನು ತನ್ನ ಕೈಯಾರೆ ಮಗಳಿಗೆ ಕಲಿಸಿದವಳಿಗೆ ಬೇರೆಯವರ ತಗ್ಗಿದ ತಲೆ ಯೋಗವಾಗಿ ಕಾಣುವುದು ಹೇಗೆ? ಮೆಳ್ಳೆಗಣ್ಣೋ, ಇರುಳುಗಣ್ಣೋ, ಪೂರಾ ಕುರುಡೋ. ಏಕಾಂತಿಗೆ ಇರುವುದು ಒಂದು ಕಣ್ಣು. ಕಟ್ಟಿಕೊಂಡವನಿಗೆ ಎರಡಾದರೂ ಸರಿಯಾಗಿರಬೇಕು. ಅದೂ ಇಲ್ಲವಾದರೆ, ನಾಳೆ ಹುಟ್ಟುವ ಮಗು ಹೊಸ್ತಿಲು ದಾಟಿ ಬಾವಿಯ ಕಡೆ ತೆವಳಿದರೆ ನೋಡುವವರು ಯಾರು? ಈ ಯೋಚನೆ ಬಂದಾಗಲೆಲ್ಲ ಅವಳ ಕೈ ರೊಟ್ಟಿ ತಟ್ಟುವುದನ್ನು ನಿಲ್ಲಿಸುತ್ತಿತ್ತು, ಹಂಚಿನ ಮೇಲಿನದು ಸೀಯುತ್ತಿತ್ತು.

ಸೋಮವಾರ ಬಿಲ್ವಪತ್ರೆ ಕೊಡುವ ನೆಪ ಮಾಡಿಕೊಂಡು ಮಠಕ್ಕೆ ಹೋದಳು. ಮಠದ ಮುದಿ ಅಯ್ಯನವರು ಬಿಸಿಲಿಗೆ ಬೆನ್ನು ಕೊಟ್ಟು ಕುಳಿತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

"ಅಯ್ನೋರೆ, ಅಧೋದೃಷ್ಟಿ ಅಂದ್ರೇನ್ರಿ?"

ಅಯ್ಯನವರ ಕೈ ನಿಂತಿತು. "ನಿನಗ್ಯಾಕಮ್ಮ ಅದು? ರಾಗಿ ಬೀಸಾದು ಬಿಟ್ಯಾ?"

"ಯಾರೋ ಅಂದ್ರು. ತಿಳ್ಕಳ್ಳಾಣ ಅಂತ."

ಮುದುಕರಿಗೆ ಕೇಳುವವರು ಸಿಗುವುದೇ ಅಪರೂಪ. ಎಣ್ಣೆ ಬಟ್ಟಲನ್ನು ಸರಿಸಿ ಬೆನ್ನು ನೆಟ್ಟಗೆ ಮಾಡಿದರು. ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ತಂದು, ಅಲ್ಲಿ ಲಿಂಗವಿದ್ದಂತೆ ರೆಪ್ಪೆಯನ್ನು ಅರ್ಧಕ್ಕೆ ಇಳಿಸಿದರು. "ನೋಡು. ಮುಚ್ಚಿಲ್ಲ, ತೆರೆದಿಲ್ಲ. ಕದ ಓರೆ ಮಾಡಿದಂಗೆ. ಅಧಃ ಅಂದ್ರೆ ಕೆಳಗೆ. ನೋಟ ಕೆಳಗಿಳಿಸಿ ಒಂದು ಕಡೆ ನಿಲ್ಲಿಸೋದು. ಕಣ್ಣು ಅನ್ನೋದು ಹೊರಗೆ ಮೇಯೋ ಹಸ ಕಣಮ್ಮ. ಅವರ ಹೊಲ ಇವರ ಹೊಲ ಎಲ್ಲಾ ನುಗ್ತದೆ. ಹೊತ್ತು ಮುಳುಗ್ತು ಅಂತ ಅದನ್ನ ಕೊಟ್ಟಿಗೆಗೆ ಹೊಡ್ಕಂಡು ಬರೋದೈತಲ್ಲ, ಅದು ಅಧೋದೃಷ್ಟಿ. ಹಸ ಒಳಗೆ ಬಂತು ಅಂದ್ರೆ ಮನೆಯೋನಿಗೆ ನಿದ್ದೆ. ನೋಟ ಒಳಗೆ ಬಂತು ಅಂದ್ರೆ ಮನಸ್ಸಿಗೆ ನಿದ್ದೆ. ಇಷ್ಟೇ ಅದು."

"ಪೂಜೆ ಮುಗಿದ ಮ್ಯಾಲೂ ಹಂಗೇ ಇದ್ರೆ? ಬೀದಿಯಾಗೆ ನಡೆಯುವಾಗ, ನೆಂಟರ ಮನ್ಯಾಗೆ, ಪಾನಕ ಕುಡಿಯುವಾಗ?"

ಅಯ್ಯನವರು ಅವಳ ಮುಖವನ್ನೇ ನೋಡಿದರು. "ಬೆಳಗಾದ ಮ್ಯಾಲೆ ಹಸ ಮೇಯಾಕೆ ಹೋಗ್ಬೇಕಲ್ಲಮ್ಮ. ಹಗಲೂ ರಾತ್ರಿ ಕೊಟ್ಟಿಗ್ಯಾಗೆ ಕಟ್ಟಿಹಾಕ್ಯಾರೆ ಅಂದ್ರೆ, ಇಲ್ಲ ಅದಕ್ಕೆ ರೋಗ ಐತೆ, ಇಲ್ಲ ಅದು ಕದ್ದ ಹಸ."

ಮಹಾದೇವಮ್ಮ ಮನೆಗೆ ಬಂದವಳೇ ಗಂಡನಿಗೆ, "ಮನೆ ನೋಡೋ ಶಾಸ್ತ್ರಕ್ಕೆ ನಾನೂ ಬರ್ತೀನಿ," ಎಂದಳು. ಪರಮೇಶ್ವರಪ್ಪ ಹೂಂ ಎಂದ. ಬೇಡ ಎಂದಿದ್ದರೂ ಅವಳು ಗಾಡಿಯಲ್ಲಿ ಇರುತ್ತಿದ್ದಳು.

ಹೊಸದುರ್ಗದಲ್ಲಿ ನೆಂಟರ ಮನೆಯಲ್ಲಿ ತಂಗಿ, ಮಾರನೆಯ ದಿನ ಬಿಸಿಲೇರುವ ಹೊತ್ತಿಗೆ ಮತ್ತೋಡು ತಲುಪಿದರು. ಮೂರ್ತಪ್ಪ ಗಾಡಿಯ ಮುಂದೆ ಕುಳಿತು ದಾರಿಯುದ್ದಕ್ಕೂ ಹುಡುಗನ ಗುಣಗಾನ ಮಾಡಿದ್ದ. ಬಳೆಗಾರರ ಕೇರಿಯ ಬಾಯಲ್ಲಿ ಗಾಡಿ ನಿಂತಾಗ, "ಇಳಿದ ಮ್ಯಾಲೆ ನೆಲ ನೋಡ್ಕಂಡು ನಡೀರಿ," ಎಂದ. ಕೇರಿಯ ಮಣ್ಣಿನ ತುಂಬ ಬಳೆಚೂರು. ಹಸಿರು, ಕಪ್ಪು, ಕೆಂಪು. ಬಿಸಿಲಿಗೆ ಬೀದಿಯೇ ಮಿಣಮಿಣ ಎನ್ನುತ್ತಿತ್ತು. ಎದುರು ಬಂದ ಗಂಡಸರೆಲ್ಲ ತಲೆ ತಗ್ಗಿಸಿಕೊಂಡೇ ಬಂದರು, ತಗ್ಗಿಸಿಕೊಂಡೇ "ಬರ್ರಿ" ಎಂದರು, ಹಾಗೇ ಹೋದರು. ಇಡೀ ಕೇರಿಗೇ ಕಣ್ಣಿಲ್ಲವೇನೋ ಎಂದು ಮಹಾದೇವಮ್ಮನಿಗೆ ಅನ್ನಿಸಿತು. ಆಮೇಲೆ ನೋಡಿಕೊಂಡರೆ ತಾನೂ ನೆಲ ನೋಡಿಕೊಂಡೇ ನಡೆಯುತ್ತಿದ್ದಳು.

ಮನೆ ಚೆನ್ನಾಗಿತ್ತು. ಪಡಸಾಲೆಯ ಒಂದು ಮೂಲೆಯಲ್ಲಿ, ಮಣೆಯ ಮೇಲೆ, ಹುಡುಗನ ತಂದೆ ಶಿವಕುಮಾರಪ್ಪ ಲಿಂಗಪೂಜೆಗೆ ಕುಳಿತಿದ್ದ. ನರೆತ ಗಡ್ಡ, ಹಣೆಯ ಮೇಲೆ ಮೂರು ಬೆರಳ ವಿಭೂತಿ, ಎಡ ಅಂಗೈಯಲ್ಲಿ ಇಷ್ಟಲಿಂಗ. ಅರೆಮುಚ್ಚಿದ ರೆಪ್ಪೆಯ ಕೆಳಗಿಂದ ಲಿಂಗದ ಮೇಲೆ ನೆಟ್ಟ ನೋಟ.

"ಪೂಜೆಯಾಗೆ ಅವರೆ. ಮಾತಾಡಿಸಬ್ಯಾಡ್ರಿ," ಎಂದಳು ವೀರಮ್ಮ ಮೆಲ್ಲಗೆ. "ಕುಂತ್ರೆ ಅವರಿಗೆ ಹೊತ್ತೇ ತಿಳಿಯಲ್ಲ."

ಪರಮೇಶ್ವರಪ್ಪ ದೂರದಿಂದಲೇ ಅಡ್ಡಬಿದ್ದ. ಮಹಾದೇವಮ್ಮನೂ ಸೆರಗು ಹೊದ್ದು ನಮಸ್ಕಾರ ಮಾಡಿದಳು. ಇಂಥ ತಂದೆಯ ಮಗ ಎಂದಾಗ ಅವಳ ಅನುಮಾನ ಒಂದು ಗಳಿಗೆ ತಣ್ಣಗಾಯಿತು. ಪೂಜೆಗೆ ಕೂತವರನ್ನು ನಮ್ಮಲ್ಲಿ ಯಾರೂ ಎಬ್ಬಿಸುವುದಿಲ್ಲ. ಮನೆಗೆ ಬೆಂಕಿ ಬಿದ್ದರೂ ಮೊದಲು ಒಮ್ಮೆ ಕೆಮ್ಮಿಯೇ ಕರೆಯುತ್ತಾರೆ.

ಹುಡುಗ ಮುರುಗೇಶಪ್ಪ ಒಲೆಯ ಮನೆಯಿಂದ ಬಂದ. ತಲೆ ತಗ್ಗಿಸಿಯೇ ಬಂದು ಕಾಲಿಗೆ ನೀರು ಕೊಟ್ಟ. ಮಹಾದೇವಮ್ಮ ಸಿದ್ಧವಾಗಿಯೇ ಬಂದಿದ್ದಳು. ಎಲೆಯಡಿಕೆ ಚೀಲದಿಂದ ಒಂದು ಸೂಜಿ, ಒಂದೆಳೆ ದಾರ ತೆಗೆದಳು.

"ಕುಬ್ಸದ ಹೊಲಿಗೆ ಬಿಚ್ಚೈತೆ ಕಣಪ್ಪ. ನಂಗೆ ಕಣ್ಣು ಮಂಜು. ಇದಕ್ಕೆ ದಾರ ಪೋಣಿಸಿ ಕೊಡ್ತೀಯಾ?"

ಅವನು ಸೂಜಿಯನ್ನು ಎದೆಯ ಕೆಳಗೆ ಹಿಡಿದು, ಒಂದೇ ಸಲಕ್ಕೆ ದಾರ ಹಾಕಿ ಕೊಟ್ಟ. ಸರಿ, ಹತ್ತಿರದ್ದು ಕಾಣುತ್ತದೆ. ದೂರದ್ದು?

"ಅಗಾ, ಆ ಗುಡ್ಡದ ಮ್ಯಾಲೆ ಏನಪ್ಪ ಅದು, ಬೆಳ್ಳಗೆ? ಗುಡಿನಾ?"

"ಗುಡಿಯಲ್ರಿ, ಬಂಡೆ," ಎಂದ, ಗುಡ್ಡದ ಕಡೆ ತಿರುಗದೆ.

ಹುಟ್ಟಿದೂರಿನ ಗುಡ್ಡ ನೋಡದೆಯೂ ಗೊತ್ತಿರುತ್ತದೆ, ಕೇಳಿ ಕೆಟ್ಟೆ ಎಂದುಕೊಂಡಳು ಮಹಾದೇವಮ್ಮ. ಮೂರ್ತಪ್ಪ ಬಾಗಿಲಲ್ಲಿ ನಿಂತು ಅವಳನ್ನೇ ನೋಡುತ್ತಿದ್ದವನು ತಟ್ಟನೆ ತೊಲೆ ನೋಡಿದ. "ನಡೀರಿ ಭಾವ, ಒಲೆ ತೋರಿಸ್ತೀನಿ, ಹೋಗಾಣ," ಎಂದು ಪರಮೇಶ್ವರಪ್ಪನನ್ನೂ ಹುಡುಗನನ್ನೂ ಎಬ್ಬಿಸಿಕೊಂಡು ಹೋದ. ವೀರಮ್ಮ ಕೊಡ ಹಿಡಿದು ಬಾವಿಗೆ ಹೋದಳು.

ಪಡಸಾಲೆಯಲ್ಲಿ ಉಳಿದವರು ಇಬ್ಬರು. ಇಬ್ಬರು ಎಂದರೆ ಮಹಾದೇವಮ್ಮ ಮತ್ತು ಪೂಜೆಯ ಮುದುಕ. ಅವನು ಆಗಿನಿಂದ ಮಿಸುಕಿರಲಿಲ್ಲ. ಆಗ ಅಡುಗೆಮನೆಯ ಕಡೆಯಿಂದ ಒಂದು ಬೂದು ಬೆಕ್ಕು ಬಂತು. ಯಾವ ಅವಸರವೂ ಇಲ್ಲದೆ ಮುದುಕನ ಎದುರು ಕುಳಿತು, ಅವನ ನೋಟದ ನೇರಕ್ಕೆ ಇದ್ದ ನೈವೇದ್ಯದ ಹಾಲಿಗೆ ಬಾಯಿ ಹಾಕಿತು. ಲಪಲಪ ಕುಡಿಯಿತು. ಮುದುಕನ ರೆಪ್ಪೆ ಅಲುಗಲಿಲ್ಲ. ಮಹಾದೇವಮ್ಮನಿಗೆ ಮೈ ಝುಂ ಎಂದಿತು. ಎಂಥ ಏಕಾಗ್ರತೆ! ಲೋಕವೇ ಬಂದು ಎದುರು ಕುಣಿದರೂ ಇವರಿಗೆ ಕಾಣದು. ಕೈ ಮುಗಿಯಲು ಎತ್ತಿದಳು.

ಎತ್ತಿದ ಕೈ ಅಲ್ಲೇ ನಿಂತಿತು. ಕಾಣದು ಎಂಬ ಮಾತು ಅವಳ ಮನಸ್ಸಿನಲ್ಲಿ ಕಾಲೂರಿ ಕುಳಿತುಬಿಟ್ಟಿತ್ತು.

ಅವಳು ಮಾಡಿದ್ದು ಪಾಪವೇ ಇರಬೇಕು. ಆದರೆ ಹೆಣ್ಣು ಹೆತ್ತವಳು ಪಾಪ ಪುಣ್ಯ ಎಲ್ಲವನ್ನೂ ತೂಗುತ್ತ ಕೂತರೆ ಕೆಲಸ ಸಾಗುವುದಿಲ್ಲ. ಬೆಕ್ಕಿಗಿಂತ ಮೆತ್ತಗೆ ಹೆಜ್ಜೆ ಇಟ್ಟು ಹೋಗಿ, ಮಣೆಯ ಬಲಕ್ಕಿದ್ದ ವಿಭೂತಿಯ ಗಟ್ಟಿಯನ್ನು ಒಂದು ಮೊಳ ಆಚೆಗೆ ಸರಿಸಿ, ಉಸಿರು ಹಿಡಿದು ನಿಂತಳು. ಸ್ವಲ್ಪ ಹೊತ್ತಿಗೆ ಮುದುಕನ ಬಲಗೈ ಇಳಿದು ಬಂತು. ವಿಭೂತಿ ಇದ್ದ ಜಾಗವನ್ನು ಮುಟ್ಟಿತು. ನೆಲ. ಬೆರಳು ಅತ್ತ ತಟ್ಟಿತು, ಇತ್ತ ತಟ್ಟಿತು, ಇರುವೆಯಂತೆ ದಾರಿ ಹುಡುಕಿತು. ಅಂಗೈಯ ಲಿಂಗದ ಮೇಲಿನ ನೋಟ ಮಾತ್ರ ಹಾಗೇ ಇತ್ತು.

"ಬೆಕ್ಕು ಹಾಲು ಕುಡೀತದೆ," ಎಂದ ಮುದುಕ, ತಲೆ ತಗ್ಗಿಸಿಯೇ. "ವಿಭೂತಿ ಒಯ್ಯಲ್ಲ. ಯಾರು, ಬೀಗಿತ್ತಿಯೋರಾ?"

ಮಹಾದೇವಮ್ಮ ವಿಭೂತಿಯನ್ನು ಅವನ ಕೈಗೆ ತಗಲುವಂತೆ ಇಟ್ಟಳು.

"ಕುಂತ್ಕಳ್ರಮ್ಮ. ಕಣ್ಣಿಲ್ಲ ಅಂತ ಕೂಗಿ ಹೇಳಾದಾದ್ರೆ ಹೇಳಿಬಿಡ್ರಿ, ನನಗೂ ಕಾಲು ಜೋಮು ಹಿಡಿದೈತೆ." ಮುದುಕ ಲಿಂಗವನ್ನು ಕಣ್ಣಿಗೊತ್ತಿ ವಸ್ತ್ರದಲ್ಲಿ ಸುತ್ತಿ ಕರಡಿಗೆಗೆ ಇಟ್ಟ. "ಪೂಜೆ ಸುಳ್ಳಲ್ಲ. ಉದ್ದ ಮಾಡಿದ್ದು ಸುಳ್ಳು. ನೀವು ಎದ್ದು ಹೋಗೋವರ್ಗೂ ಕುಂತಿರ್ಬೇಕು ಅಂತ ನಮ್ಮಾಕೆ ಅಪ್ಪಣೆ."

"ಹುಟ್ಟಿದಾಗಿನಿಂದ್ಲಾ?"

"ಇಲ್ಲಮ್ಮ, ಒಲೆ ತಿಂತು." ಅವನು ಮುಖ ಎತ್ತಿದ. ಎರಡು ಪಾಪೆಯೂ ಹಾಲಿನಲ್ಲಿ ಅದ್ದಿದಂತಿದ್ದವು. "ಗಾಜು ಕರಗಿಸೋ ಒಲೆ ಬೆಂಕಿ ನಿಮ್ಮ ಅಡುಗೆ ಒಲೇದಂಗೆ ಕೆಂಪಗಿರಲ್ಲ. ಬೆಳ್ಳಗಿರ್ತದೆ. ನೋಡಿದಷ್ಟೂ ಇನ್ನಷ್ಟು ನೋಡಾಣ ಅನ್ನಿಸ್ತದೆ. ನಾನು ನೋಡ್ದೆ. ಮೊದಮೊದ್ಲು ಕಣ್ಮುಂದೆ ಹೊಗೆ ಬಂದಂಗೆ ಆಗೋದು. ಆಮ್ಯಾಕೆ ಆ ಹೊಗೆ ಹೋಗ್ಲೇ ಇಲ್ಲ."

"ನಿಮ್ಮ ಮಗನ್ದು?"

"ಅವನ್ನ ಒಲೆ ಮುಂದೆ ಕುಂಡ್ರಿಸಿದಾಗ ನಂಗೆ ಅರೆಬರೆ ಕಾಣ್ತಿತ್ತು. ಕೋಲು ಹಿಡ್ಕಂಡು ಹಿಂದೆ ಕುಂತೆ. ಕೆಳಗಡೆ ನೋಡು, ಸಲಾಕೆ ತುದಿ ನೋಡು, ಕೈಯಾಗಿನ ಬಳೆ ನೋಡು, ಒಲೆ ಬಾಯಿ ನೋಡಬ್ಯಾಡ. ಕತ್ತು ಎತ್ತಿದ್ರೆ ಕತ್ತಿಗೊಂದು. ಏಟು ತಿಂದ ಕತ್ತಮ್ಮ ಅದು. ಬೀದಿಗೆ ಬಂದ್ರೂ ಮೇಲೆ ಏಳಲ್ಲ. ಅದಕ್ಕೆ ಮೂರ್ತಪ್ಪ ಅದೇನೋ ಹೆಸರಿಟ್ಟ. ಕೇಳಾಕೆ ಚೆನ್ನಾಗೈತೆ ಅಂತ ನಾವೂ ಸುಮ್ಕಾದ್ವಿ."

"ಉಳೀತವಾ ಅವನ ಕಣ್ಣು?"

"ಇವತ್ತು ಚೆನ್ನಾಗವೆ. ನಾಳೆದು ನಾನು ಹೆಂಗೆ ಹೇಳ್ಲಿ?"

ಮಹಾದೇವಮ್ಮ ಎದ್ದು ನಿಂತಳು. ಈಗ ಗಂಡನನ್ನು ಕರೆದು ಗಾಡಿ ಹತ್ತಿದರೆ ಕೇಳುವವರಿಲ್ಲ, ತಪ್ಪು ಅವರದು. ಇಲ್ಲದ್ದು ಇದೆ ಎಂದು ತೋರಿಸಿದವರು ಅವರು.

"ಹೆಣ್ಣು ಕೇಳಾಕೆ ಬಂದೋರು ಇದನ್ನ ಮುಚ್ಚಿಟ್ಟು ಬರ್ತಾರೇನ್ರಿ? ಹೆತ್ತೋರ ಹೊಟ್ಟೆ ಹೆಂಗಿರ್ತದೆ ಅಂತ…"

ಬಾಯಿಂದ ಹೊರಟದ್ದು ಎದುರಿನ ಗೋಡೆಗೆ ಬಡಿದು ತನ್ನ ಕೆನ್ನೆಗೇ ಬಂದಂತಾಯಿತು.

"ತಪ್ಪು ಕಣಮ್ಮ," ಎಂದ ಮುದುಕ ಶಾಂತವಾಗಿ. "ನಿಮ್ಮದು ನೇಮದ ಮನೆ ಅಂತ ಗೊತ್ತಿದ್ದೂ ಮಾಡಬಾರದಿತ್ತು. ನಿಮ್ಮ ಹುಡುಗಿಗೂ ಅದೇ ಐತಂತಲ್ಲ."

"ಏನೈತೆ?"

"ಅಧೋದೃಷ್ಟಿ. ಮೂರ್ತಪ್ಪ ಹೇಳ್ದ. ತಾಯಿಯಿಂದ ಬಂದ ಸಾಧನೆ, ಕಣ್ಣೆತ್ತಿ ಪರಪುರುಷರನ್ನ ನೋಡಲ್ಲ, ಗಲ್ಲ ಮುಟ್ಟಿ ಮಖ ಎತ್ತಿಸಬ್ಯಾಡ್ರಿ, ವ್ರತ ಕೆಡ್ತದೆ ಅಂದ. ಅದಕ್ಕೇ ನಮ್ಮಾಕೆ ಮುಟ್ಲಿಲ್ಲ."

ಮಹಾದೇವಮ್ಮ ಕಂಬ ಹಿಡಿದುಕೊಂಡಳು. ಮೂರ್ತಪ್ಪ ಒಂದೇ ಸೀರೆಯನ್ನು ಇಬ್ಬರಿಗೆ ಮಾರಿದ್ದ, ಕಳ್ಳ! ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ. ಇವತ್ತೇ ಇಲ್ಲಿಂದ ಎದ್ದು ಹೋದರೆ ನಾಳೆ ಇನ್ನೊಬ್ಬರು ಬರುತ್ತಾರೆ, ಏಕಾಂತಿ ಮತ್ತೆ ಗೋಡೆಗೆ ಎಡಗಡೆ ಕೊಟ್ಟು ಕೂರುತ್ತಾಳೆ. ಮದುವೆಯಾಗಿ ಹೋದ ಮನೆಯಲ್ಲಿ ಎಷ್ಟು ದಿನ ಗೋಡೆ ಪಕ್ಕದಲ್ಲೇ ಇರುತ್ತಾಳೆ? ಎದುರಿಗೆ ಇದ್ದವನಿಗೆ ಕಣ್ಣು ಕಾಣದು. ಅವನಿಗೆ ಹೇಳುವುದು ಸುಲಭ ಎಂದುಕೊಂಡಳು.

"ಅಣ್ಣಾರೆ, ನನ್ನ ಮಗಳ ಎಡಗಣ್ಣಾಗೆ ಹೂವೈತೆ. ಸಿಡುಬಿನ್ದು. ಆ ಕಣ್ಣು ಕಾಣಲ್ಲ. ತಲೆ ತಗ್ಸಿ ಕುಂತ್ಕ ಅಂತ ಹೇಳಿಕೊಟ್ಟಾಕಿ ನಾನು."

ಸುಲಭವಾಗಿರಲಿಲ್ಲ. ಹೇಳಿ ಮುಗಿಸುವಷ್ಟರಲ್ಲಿ ಬೆನ್ನು ಬೆವೆತಿತ್ತು. ಮುದುಕನ ಭುಜ ಅಲುಗಿತು. ಅಳುತ್ತಿದ್ದಾನೆಂದುಕೊಂಡಳು. ನಗುತ್ತಿದ್ದ.

"ಆ ಮೂರ್ತಪ್ಪನಿಗೆ ಈ ಸಲ ಎಲೆ ಹಾಕಬ್ಯಾಡ್ರಿ, ಬರೇ ನೆಲಕ್ಕೆ ಬಡಿಸ್ರಿ. ಅದನ್ನೇ ನೋಡ್ಕಂಡು ಉಣ್ಲಿ." ನಗು ಇಳಿದ ಮೇಲೆ ದನಿ ಬೇರೆಯಾಯಿತು. "ನನಗೆ ಹೇಳಿ ಏನು ಬಂತು? ಬಾಳೋನು ಅವನು. ಅವನಿಗೆ ಹೇಳ್ರಿ."

ಒಲೆಯ ಮನೆಯಿಂದ ಗಂಡಸರು ಹಿಂದಿರುಗಿದರು. ಪರಮೇಶ್ವರಪ್ಪನ ಮುಖ ಬಿಸಿಗೆ ಕೆಂಪಾಗಿತ್ತು. "ಲೇ, ನೋಡಬೇಕಿತ್ತು ನೀನು! ಕಡ್ಡಿಗೆ ದಾರ ಸುತ್ತಿದಂಗೆ ಸುತ್ತುತಾನೆ ಗಾಜನ್ನ…" ಎನ್ನುತ್ತ ಬಂದವನು, ಮುದುಕ ಪೂಜೆ ಬಿಟ್ಟು ಗೋಡೆಗೊರಗಿ ಕಾಲು ಚಾಚಿ ಕುಳಿತಿರುವುದನ್ನೂ ಆ ಬಿಳಿ ಕಣ್ಣುಗಳನ್ನೂ ಕಂಡು ಬಾಯಿ ತೆರೆದು ನಿಂತ. ಹಿಂದೆ ನೀರಿನ ಕೊಡ ಹೊತ್ತು ಬಂದ ವೀರಮ್ಮ ಹೊಸ್ತಿಲ ಮೇಲೆ ಕಲ್ಲಾದಳು. ಮೂರ್ತಪ್ಪ ತೊಲೆ ನೋಡಿದ. ಈ ಸಲ ತೊಲೆಯೂ ಅವನಿಗೆ ಏನೂ ಹೇಳಿಕೊಡಲಿಲ್ಲ.

"ಮುರುಗೇಶ, ಬಾ ಇಲ್ಲಿ," ಎಂದ ಮುದುಕ. "ಅಮ್ಮಾರ ಎದುರಿಗೆ ನಿಲ್ಲು. ತಲೆ ಎತ್ತು."

ಹುಡುಗ ಅನುಮಾನಿಸಿದ. ಕತ್ತಿನ ನರ ಬಿಗಿಯಿತು. ಆಮೇಲೆ ನಿಧಾನವಾಗಿ ಮುಖ ಮೇಲಕ್ಕೆ ಬಂತು. ಮಹಾದೇವಮ್ಮ ಅಷ್ಟು ದಿನದಿಂದ ಹುಡುಕುತ್ತಿದ್ದ ಕಣ್ಣುಗಳು ಕಂಡವು. ಅಂಚು ಕೆಂಪು, ರೆಪ್ಪೆಯ ಕೂದಲು ಅಲ್ಲಲ್ಲಿ ಸುಟ್ಟು ಮೊಟಕಾಗಿತ್ತು. ನಡುವಿನ ಪಾಪೆ ಮಾತ್ರ ತಿಳಿ, ತೊಳೆದಿಟ್ಟ ಹುಣಸೆಬೀಜದ ಹಾಗೆ. ಅವು ಅವಳನ್ನು ನೇರವಾಗಿ ನೋಡಿ, ಬೆಳಕಿಗೆ ಕಿರಿದಾಗಿ, ಮತ್ತೆ ಅಗಲವಾದವು. ಅವುಗಳಲ್ಲಿ ಎಲ್ಲಾದರೂ ಒಂದೆಳೆ ಹೊಗೆ ಇದೆಯೇ ಎಂದು ಅವಳು ಹುಡುಕಿದಳು. ಇದೆ ಎನ್ನಿಸಿತು, ಇಲ್ಲ ಎನ್ನಿಸಿತು.

ಹೇಳಿದಳು. ಮುದುಕನಿಗೆ ಹೇಳಿದಷ್ಟೇ, ಅದೇ ಮಾತುಗಳಲ್ಲಿ. ಪರಮೇಶ್ವರಪ್ಪ, "ಏ, ಏ, ಏನೇ ಇದು!" ಎಂದ. ವೀರಮ್ಮನ ಕೊಡದಿಂದ ನೀರು ತುಳುಕಿ ಹೊಸ್ತಿಲು ತೊಯ್ದಿತು. ಹುಡುಗ ಕಣ್ಣು ಇಳಿಸಲಿಲ್ಲ.

"ನೀನು ಒಪ್ಪಿದ್ರೂ ನಂದೊಂದು ಮಾತೈತೆ," ಎಂದಳು ಮಹಾದೇವಮ್ಮ. "ಆ ಒಲೆ ಬಿಡ್ಬೇಕು. ನಿಮ್ಮಪ್ಪನ್ನ ನೋಡಿದ ಮ್ಯಾಲೆ ನಾನು ಹೆಂಗೆ ಕೊಡ್ಲಿ?"

ಬಿಡುತ್ತೇನೆ ಎಂದು ತಟ್ಟನೆ ಹೇಳಿದ್ದರೆ ಅವಳು ನಂಬುತ್ತಿರಲಿಲ್ಲ. ಅವನು ಹೇಳಲಿಲ್ಲ. ಒಲೆಯ ಮನೆಯ ಕಡೆ ಒಮ್ಮೆ ನೋಡಿದ.

"ಒಮ್ಮಿಗೇ ಆಗಲ್ರಿ. ಹೊತ್ತಿಸಿರೋ ಒಲೆ, ಕರಗಿರೋ ಗಾಜು, ಅದನ್ನ ನಂಬ್ಕಂಡೋರು ಅವರೆ. ಸೀಮೆ ಬಳೆ ಬಂದ ಮ್ಯಾಲೆ ಅದೂ ಎಷ್ಟು ದಿನ ನಡೀತದೋ. ಬಳೆ ಮಲಾರ ಹೊತ್ಕಂಡು ಊರೂರು ಮಾರಾಕೆ ಹೋಗ್ಬೋದು." ಮತ್ತೆ ಸೇರಿಸಿದ. "ಆದ್ರೆ ಅದಕ್ಕೆ ಮಾತು ಬೇಕು. ನಂಗೆ ಮಾತು ಬರಲ್ಲ. ಕಲೀಬೇಕು."

"ಮಾತು ನಮ್ಮ ಏಕಾಂತಿಗೆ ಬೇಕಾದಷ್ಟು ಬರ್ತದೆ," ಎಂದುಬಿಟ್ಟ ಪರಮೇಶ್ವರಪ್ಪ. ಹೇಳಿದ ಮೇಲೆ ಹೆಂಡತಿಯ ಮುಖ ನೋಡಿ ಹೆದರಿದ.

ಮಹಾದೇವಮ್ಮ ಹುಡುಗನ ಮಾತನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು. ಎಲ್ಲಿ ಟೊಳ್ಳಿದೆ ಎಂದು ಬೆರಳಲ್ಲಿ ಬಡಿಯುತ್ತಿದ್ದಳು. ಒಲೆ ಬಿಡುತ್ತಾನೋ ಇಲ್ಲವೋ. ಬಿಟ್ಟರೂ ಆ ಹೊತ್ತಿಗೆ ಕಣ್ಣು ಉಳಿದಿರುತ್ತದೋ ಇಲ್ಲವೋ. ಈ ತಿಳಿ ನೋಟದ ಹಿಂದೆ ಇನ್ನೇನಿದೆಯೋ.

"ಅಮ್ಮಾರೆ," ಎಂದ ಹುಡುಗ. ಅವನಾಗಿ ಬಾಯಿಬಿಟ್ಟದ್ದು ಅದೇ ಮೊದಲು. "ಅವರ ಕೈ ಎಷ್ಟು ದೊಡ್ಡದ್ರಿ? ಅಳತೆ?"

ಮಹಾದೇವಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅವನು ಕೇಳುತ್ತಿದ್ದದ್ದು ಏಕಾಂತಿಗೆ ತೊಡಿಸುವ ಬಳೆಯ ಅಳತೆ. ಬಲಗೈಯ ಹೆಬ್ಬೆರಳಿಗೆ ನಡುಬೆರಳು ಸೇರಿಸಿ ದುಂಡಗೆ ಒಂದು ಬಳೆ ಮಾಡಿದಳು. ದೊಡ್ಡದಾಯಿತು ಎನ್ನಿಸಿತು. ನೀರು ಸೇದುವ ಕೈ, ಬೀಸುವ ಕೈ, ಆದರೂ ಮಣಿಕಟ್ಟು ಸಣ್ಣ. ಬೆರಳನ್ನು ಒಂದು ಗೆಣ್ಣಿನಷ್ಟು ಒಳಕ್ಕೆಳೆದಳು. ಮತ್ತೆ ಒಂದು ನೂಲಿನಷ್ಟು ಸಡಿಲಿಸಿದಳು. ಹುಡುಗ ತಲೆ ತಗ್ಗಿಸಿದ. ಆ ಬೆರಳುಗಳ ಸುತ್ತಿನೊಳಗೆ ಬರೀ ಗಾಳಿಯಿತ್ತು. ಅವನು ಅದನ್ನೇ ನೋಡುತ್ತ ನಿಂತ.